ಹಗಲಿನ ಆಕಾಶಗಂಗೆ

ಜಯಲಕ್ಷ್ಮಮ್ಮ ಆ ಮಾತನ್ನು ಸೊಸೆಗೆಂದು ಹೇಳಿದ್ದೇ ಅಲ್ಲ. ಬೆಳಗಿನ ರೊಟ್ಟಿ ಮುರಿಯುತ್ತ, ರೇಷ್ಮೆ ಹುಳ ನಾಲ್ಕನೇ ಸಲ ಪೊರೆ ಕಳಚಿ ಜ್ವರ ಎದ್ದ ಮೇಲೆ ಹೊತ್ತು ಗೊತ್ತಿಲ್ಲದೆ ಸೊಪ್ಪು ಮುಕ್ಕುತ್ತಿವೆ, ಹಿಪ್ಪುನೇರಳೆ ತೋಟದ ಆ ಕೊನೆಯ ಸಾಲುಗಳಿಗೂ ಈಗ ನೀರು ಹಾಯಿಸದೆ ಗತಿಯಿಲ್ಲ, ಕರೆಂಟು ನೋಡಿದರೆ ಮಧ್ಯಾಹ್ನಕ್ಕೇ ಹೋಗಿಬಿಡುತ್ತದೆ, ಅದಕ್ಕೇ ತಾನು ಮೋಟರನ್ನು ದಿನಾ ಒಂದಿಷ್ಟು ಮುಂಚೆ ಹಾಕಿಕೊಂಡು ಬರುತ್ತಿದ್ದೇನೆ ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಕೈ ತೊಳೆಯಲು ಎದ್ದುಹೋದರು. ರೂಪಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ದಿನಾ ಒಂದಿಷ್ಟು ಮುಂಚೆ. ಇದೇ ಮಾತನ್ನು ಅವಳು ಹೋದ ಗುರುವಾರ ಮಂಡ್ಯದಲ್ಲಿ, ತಾನು ಎಂ.ಎಸ್ಸಿ ಓದುವ ಕಾಲೇಜಿನ ಇಡೀ ಭೌತಶಾಸ್ತ್ರ ವಿಭಾಗದ ಎದುರು, ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹೇಳಿದ್ದಳು. ನಕ್ಷತ್ರಗಳು ದಿನಾ ನಾಲ್ಕು ನಿಮಿಷ ಮುಂಚೆ ನೆತ್ತಿಗೆ ಬರುತ್ತವೆ. ಭೂಮಿಯ ಮೇಲಿನ ಯಾವ ಯಂತ್ರವೂ ಆ ನೇಮ ಪಾಲಿಸುವುದಿಲ್ಲ. ನನ್ನ ತಗಡಿನ ಕಹಳೆ ಆಂಟೆನಾಕ್ಕೆ ಬಿದ್ದಿರುವ ಈ ಗೆರೆ ದಿನಾ ಒಂದಿಷ್ಟು ಮುಂಚೆ ಬರುತ್ತಿದೆ. ಆದ್ದರಿಂದ ಇದು ಆಕಾಶದ್ದೇ. ಹುಡುಗರು ಬೆಂಚು ಬಡಿದು ಚಪ್ಪಾಳೆ ತಟ್ಟಿದ್ದರು, ಯಾರೋ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದ್ದರು, ಅವಳ ಗಂಡ ಪುಟ್ಟರಾಜು ಮದ್ದೂರಿನ ತಾಲ್ಲೂಕು ಕಚೇರಿಯಲ್ಲಿ ತನ್ನ ಮೇಜಿನ ಅಕ್ಕಪಕ್ಕದವರಿಗೆಲ್ಲ ಆ ಫೋಟೋ ತೋರಿಸಿ ಕಾಫಿ ಕೊಡಿಸಿದ್ದ. ಭೂಮಿಯ ಮೇಲಿನ ಯಾವ ಯಂತ್ರವೂ ಅಲ್ಲ ಎಂದು ಬೋರ್ಡು ಕುಟ್ಟಿ ಹೇಳುವಾಗ ಅತ್ತೆಯೊಬ್ಬರು ತನ್ನ ಮನೆಯಲ್ಲೇ ಇದ್ದಾರೆಂಬುದು ಅವಳಿಗೆ ನೆನಪಾಗಿರಲಿಲ್ಲ. ತುತ್ತನ್ನು ತಟ್ಟೆಗೆ ಇಟ್ಟಳು, ಮತ್ತೆ ಎತ್ತಿಕೊಂಡಳು, ಕೊನೆಗೆ ತಟ್ಟೆಯ ಸಮೇತ ಎದ್ದಳು.

ದುದ್ದ ಊರಿನಿಂದ ಆಚೆ, ತೋಟದ ಅಂಚಿಗೇ ಕಟ್ಟಿದ ತಾರಸಿ ಮನೆ ಅದು. ತಾರಸಿಯ ಮೇಲೆ ಆ ಕಹಳೆ, ಮಿಲ್ಲಿನಲ್ಲಿ ರಾಗಿ ಸುರಿಯುವ ತಗಡಿನ ಬಾಯಿಯ ಹಾಗೆ, ಆಕಾಶಕ್ಕೆ ಬಾಯಿ ತೆರೆದುಕೊಂಡು ನೆಟ್ಟಗೆ ನಿಂತಿತ್ತು. ಮಾಡಿಕೊಟ್ಟಿದ್ದು ಮಳವಳ್ಳಿಯಲ್ಲಿ ಟ್ರಂಕು ಮಾಡುವ ಫಕ್ರುದ್ದೀನ್ ಸಾಹೇಬರು, ಅವಳ ಜೊತೆ ಓದುವ ತಮೀಮನ ತಂದೆ. ಮಾಡಿಕೊಟ್ಟ ಮೇಲೆ, ಇದರಲ್ಲಿ ಏನು ತುಂಬುತ್ತೀರಮ್ಮ, ಮುಚ್ಚಳ ಬೇಡವೇ ಎಂದು ಎರಡು ಸಲ ಕೇಳಿದ್ದರು. ಆಕಾಶಗಂಗೆಯ ಉದ್ದಕ್ಕೂ ಹರಡಿ ಬಿದ್ದಿರುವ ತಣ್ಣನೆಯ ಜಲಜನಕ ಒಂದೇ ಒಂದು ಸ್ವರದಲ್ಲಿ ರೇಡಿಯೋ ಅಲೆ ಸೂಸುತ್ತದೆ, ಆ ಸ್ವರಕ್ಕೆ ಬಿಸಿಲು ಮೋಡ ಏನೂ ಅಡ್ಡಿಯಿಲ್ಲ, ಹಗಲಲ್ಲೂ ಅದು ನಮ್ಮ ಮೇಲೆ ಸುರಿಯುತ್ತಲೇ ಇರುತ್ತದೆ ಎಂದು ಅವಳು ವಿವರಿಸಿದಾಗ ಸಾಹೇಬರು ತಲೆಯಾಡಿಸಿ, ಹಾಗಾದರೆ ಮುಚ್ಚಳ ಬೇಡ ಎಂದಿದ್ದರು. ಈ ಫೆಬ್ರವರಿಯಲ್ಲಿ ಶ್ರವಣ ನಕ್ಷತ್ರದ ಬಗಲಿನ ಆಕಾಶಗಂಗೆ ದುದ್ದದ ನೆತ್ತಿಯನ್ನು ಹಾಯುವುದು ಬೆಳಗಿನ ಹತ್ತೂವರೆಯ ಆಸುಪಾಸಿನಲ್ಲಿ, ಹೆಂಗಸರು ಸೊಪ್ಪು ಹೊತ್ತು ತರುವ ಹೊತ್ತಿಗೆ. ಅದೇ ಹೊತ್ತಿಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಚೂಪಾದ ಗೆರೆಯೊಂದು ಏಳುವುದನ್ನು ಅವಳು ಕಂಡಿದ್ದಳು. ಏಳುವುದನ್ನು ಮಾತ್ರ. ಇಳಿಯುವ ಹೊತ್ತಿಗೆ ಅವಳು ಲ್ಯಾಪ್‌ಟಾಪು ಮುಚ್ಚಿ ಚೀಲಕ್ಕೆ ಹಾಕಿಕೊಂಡು ಮಂಡ್ಯದ ಬಸ್ಸಿನಲ್ಲಿ, ಕಿಟಕಿಗೆ ತಲೆಯಾನಿಸಿ ತನ್ನಷ್ಟಕ್ಕೆ ನಗುತ್ತ ಕುಳಿತಿರುತ್ತಿದ್ದಳು. ಮೋಟರು ನಿಂತಾಗಲೇ ಅದೂ ಬೀಳುತ್ತಿತ್ತೇನೋ, ಏರಿದ್ದನ್ನಷ್ಟೇ ನೋಡಿ ಇಳಿದದ್ದನ್ನು ನೋಡದೆ ಕುಣಿದವಳಿಗೆ ಏನೆನ್ನಬೇಕು? ಕಹಳೆಯ ನೇರ ಕೆಳಗೆ, ಮನೆಯ ಹಿಂಗೋಡೆಯ ಮೇಲೆ, ಮೋಟರಿನ ಮೊಬೈಲ್ ಸ್ಟಾರ್ಟರ್ ಪೆಟ್ಟಿಗೆ ಇತ್ತು. ಅತ್ತೆ ತಮ್ಮ ಹಳೆಯ ಫೋನಿನಿಂದ ಆ ಪೆಟ್ಟಿಗೆಗೆ ಒಂದು ರಿಂಗು ಕೊಟ್ಟರೆ ಮೋಟರು ಓಡುತ್ತಿತ್ತು, ಇನ್ನೊಂದು ರಿಂಗು ಕೊಟ್ಟರೆ ನಿಲ್ಲುತ್ತಿತ್ತು. ಮೋಟರು ಓಡುವಷ್ಟು ಹೊತ್ತು ಆ ಪೆಟ್ಟಿಗೆಯ ಹೊಟ್ಟೆಯೊಳಗಿನ ಯಾವ ಕ್ವಾರ್ಟ್ಜ್ ಹರಳು ಯಾವ ರೇಡಿಯೋ ಸ್ವರ ಹೊರಡಿಸುತ್ತದೋ ಕಂಡವರು ಯಾರು! ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ರೂಪ ಅದನ್ನು ಮೊದಲ ಸಲವೆಂಬಂತೆ ನೋಡಿದಳು. ಹಸಿರು ದೀಪ ಮಿಟುಕಿಸುತ್ತಿತ್ತು.

ವಿಚಿತ್ರವೆಂದರೆ ಅವಳಿಗೆ ಹೆದರಿಕೆ ಆಗಬೇಕಾದ ಜಾಗದಲ್ಲಿ ಏನೋ ಸಡಗರ ಆಗುತ್ತಿತ್ತು. ಒಳಗೆಲ್ಲೋ ಒಬ್ಬಳು, ಗೊತ್ತಾಗುತ್ತದೆ, ಇವತ್ತು ಗೊತ್ತಾಗಿಯೇ ಬಿಡುತ್ತದೆ ಎಂದು ಕುಪ್ಪಳಿಸುತ್ತಿದ್ದಳು. ಅತ್ತೆ ಮೋಟರು ಹಾಕದಿದ್ದರೆ ಆಯಿತು. ಹತ್ತೂವರೆಗೆ ಆಕಾಶಗಂಗೆ ನೆತ್ತಿಗೆ ಬಂದಾಗ ಗೆರೆ ಎದ್ದರೆ ಅದು ಆಕಾಶದ್ದು. ಏಳದಿದ್ದರೆ ಅವಳು ಮಂಡ್ಯದ ಜನಕ್ಕೆಲ್ಲ ಅತ್ತೆಯ ಪಂಪ್‌ಸೆಟ್ಟನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದವಳು. ನಾಳೆ ಹೊರಗಿನಿಂದ ಪರೀಕ್ಷಕರು ಬರುವವರಿದ್ದರು, ಇವತ್ತು ಕಾಲೇಜಿಗೆ ಬಂದು ಒಮ್ಮೆ ಅಭ್ಯಾಸ ಮಾಡಿ ಹೋಗಿ ಎಂದು ಪ್ರೀತಂ ಸರ್ ಹೇಳಿದ್ದರು. ಅವರು ಅವಳ ಪ್ರಾಜೆಕ್ಟಿನ ಮೇಷ್ಟ್ರು, ಅವಳಿಗಿಂತ ಐದು ವರ್ಷ ಚಿಕ್ಕವರು, ಅವಳನ್ನು ಉಳಿದ ಹುಡುಗಿಯರಂತೆ ಏಕವಚನದಲ್ಲಿ ಕರೆಯಲಾಗದೆ 'ರೂಪ ಅವರೇ' ಎಂದು ತಡವರಿಸುವ ಒಳ್ಳೆಯ ಹುಡುಗ. ಹುಷಾರಿಲ್ಲ ಸರ್, ಮಧ್ಯಾಹ್ನ ಮಾತಾಡುತ್ತೇನೆ ಎಂದು ಸಂದೇಶ ಕಳಿಸಿದಳು. ಕಳಿಸಿದ ಮೇಲೆ, ಹುಷಾರಿಲ್ಲ ಎಂಬ ಸುಳ್ಳು ಚಿಕ್ಕದೋ, ಗುರುವಾರದ್ದು ದೊಡ್ಡದೋ, ಗೊತ್ತಿಲ್ಲದೆ ಹೇಳಿದ್ದು ಸುಳ್ಳಾಗುತ್ತದೋ ಇಲ್ಲವೋ ಎಂದು ಸೀರೆಯ ಸೆರಗಿಗೆ ಕೈ ಒರೆಸುತ್ತ ಒರೆಸುತ್ತ ಸುಮ್ಮನೆ ನಿಂತಿದ್ದಳು.

ಅವಮಾನ ಅವಳಿಗೆ ಹೊಸದೇನಲ್ಲ, ಖಗೋಳದ ಬಾಗಿಲಲ್ಲೇ ಅದು ಅವಳನ್ನು ಸ್ವಾಗತಿಸಿತ್ತು. ಮದುವೆ, ಮಗಳು ಚಂದನ, ಹುಳ ಮನೆ ಎಂದು ಹನ್ನೊಂದು ವರ್ಷ ಪುಸ್ತಕ ಮುಟ್ಟದೆ ಆಮೇಲೆ ಎಂ.ಎಸ್ಸಿಗೆ ಸೇರಿದವಳು. ಮೊದಲನೇ ಸೆಮಿಸ್ಟರಿನ ಮೊದಲ ಪಾಠದಲ್ಲಿ, ನಿಮಗೆ ಗೊತ್ತಿರುವ ಒಂದು ನಕ್ಷತ್ರದ ಹೆಸರು ಹೇಳಿ ಎಂದು ಕೇಳಿದಾಗ ಸಂಕೋಚವಿಲ್ಲದೆ ಬೆಳ್ಳಿ ಅಂದಿದ್ದಳು. ಅವಳ ತವರು ಬಂಡೂರಿನಲ್ಲಿ ಬೆಳ್ಳಿ ಮೂಡಿತೆಂದರೆ ಕುರಿಹಟ್ಟಿಯ ಬಾಗಿಲು ತೆಗೆಯುವ ಹೊತ್ತು, ಅಷ್ಟು ಹೊಳೆಯುವುದು ಇನ್ನೇನಿದ್ದೀತು? ಆಂಟಿ, ಅದು ಪ್ಲಾನೆಟ್ಟು ಎಂದು ಹಿಂದಿನ ಬೆಂಚಿನ ಕವಿತ ಪಿಸುಗುಟ್ಟಿದ್ದಳು, ಇಡೀ ತರಗತಿ ನಕ್ಕಿತ್ತು, ಪ್ರೀತಂ ಸರ್ ಕೂಡ ಬೋರ್ಡಿನ ಕಡೆ ತಿರುಗಿ ನಕ್ಕದ್ದು ಅವರ ಭುಜದಲ್ಲಿ ಕಂಡಿತ್ತು. ಅಂದು ಸಂಜೆ ಬಸ್ಸಿನಲ್ಲಿ ಅಳು ಬಂದಿತ್ತು, ಆದರೆ ದುದ್ದದಲ್ಲಿ ಇಳಿದು ಕತ್ತೆತ್ತಿದಾಗ ಪಡುವಣದಲ್ಲಿ ಅದೇ ಶುಕ್ರ ಮಿರಮಿರ ಮಿಂಚುತ್ತಿತ್ತು, ಅದು ಬೆಳಗ್ಗೆ ಮೂಡುವ ಬೆಳ್ಳಿಯೇ ಎಂದು ಅಂದೇ ಓದಿದ್ದರಿಂದ ಅಳು ಅಲ್ಲೇ ನಿಂತುಹೋಗಿತ್ತು. ಹಾಗೆ ಶುರುವಾದದ್ದು. ಆಕಾಶವನ್ನು ಒಂದು ಗೋಲವೆಂದು ಭಾವಿಸಿ ಅದರ ಮೇಲೆ ಗೆರೆ ಎಳೆಯುವ ಮೊದಲ ಪಾಠಗಳು. ಮುದ್ದೆ ತಿರುವುತ್ತ ಮುದ್ದೆಯ ಮೇಲೇ ಉಗುರಿನಿಂದ ಸಮಭಾಜಕ ವೃತ್ತ ಎಳೆದು ಅತ್ತೆಯ ಕೈಯಲ್ಲಿ ಬೈಸಿಕೊಂಡದ್ದು. ಎರಡನೇ ಸೆಮಿಸ್ಟರಿನಲ್ಲಿ ಸೂರ್ಯನ ಬೆಳಕನ್ನು ಸೀಳಿ ನೋಡಿದರೆ ಅದರೊಳಗೆ ಕಪ್ಪು ಗೆರೆಗಳು, ಒಂದೊಂದು ಗೆರೆಯೂ ಒಂದೊಂದು ಧಾತುವಿನ ಗುರುತು, ಹೋಗಿ ಮುಟ್ಟಲಾಗದ್ದರ ಮೈ ಏನೆಂದು ಇಲ್ಲಿ ಕುಳಿತೇ ಹೇಳಬಹುದು! ಅದನ್ನು ಓದಿದ ದಿನ ಅವಳು ಹುಳ ಮನೆಯಲ್ಲಿ ಸೊಪ್ಪು ಹರಡುತ್ತ ಜೋರಾಗಿ ನಕ್ಕುಬಿಟ್ಟಿದ್ದಳು, ಅತ್ತೆ ಗಾಬರಿಯಾಗಿ ಇಣುಕಿ ನೋಡಿದ್ದರು. ಮೂರನೆಯದರಲ್ಲಿ ನಕ್ಷತ್ರದ ಒಡಲು, ಪುಟಗಟ್ಟಲೆ ಸಮೀಕರಣ, ಒಂದು ವಿಷಯದಲ್ಲಿ ನಪಾಸಾಗಿ ಮತ್ತೆ ಕಟ್ಟಿದ್ದು, ಆ ವಾರ ಮನೆಯಲ್ಲಿ ಯಾರೂ ಏನೂ ಅನ್ನದೆ ಇದ್ದದ್ದೇ ಬೈದದ್ದಕ್ಕಿಂತ ಹೆಚ್ಚು ನೋಯಿಸಿದ್ದು. ಈಗ ನಾಲ್ಕನೆಯದು, ರೇಡಿಯೋ ಖಗೋಳ, ಎಲ್ಲಕ್ಕಿಂತ ಕಷ್ಟದ ಪತ್ರಿಕೆ, ಹುಡುಗರೆಲ್ಲ ಬೇರೆ ಪ್ರಾಜೆಕ್ಟು ಆರಿಸಿಕೊಂಡರೆ ಅವಳೂ ತಮೀಮನೂ ಇದನ್ನು ಹಿಡಿದರು. ಯಾಕೆ ಹಿಡಿದಳೆಂದರೆ, ಇದರಲ್ಲಿ ಪುಸ್ತಕದಿಂದ ನಂಬುವ ಮಾತಿಲ್ಲ, ಕಹಳೆ ಇಟ್ಟರೆ ಅದು ನನಗೇ ಬಂದು ಮುಟ್ಟುತ್ತದೆ ಎಂಬ ಆಸೆ. ನಪಾಸಾದವಳಿಗೂ ಆಂಟಿಗೂ ಬಂದು ಮುಟ್ಟುತ್ತದೆ. ಆ ಆಸೆಯೇ ಕಣ್ಣಿಗೆ ಪೊರೆ ಕಟ್ಟಿತೋ ಏನೋ.

ಹುಳ ಮನೆಯ ಬಾಗಿಲಲ್ಲಿ ನಿಂತಾಗ ಒಳಗೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು, ಸಾವಿರಾರು ಹುಳ ಒಟ್ಟಿಗೆ ಎಲೆ ಮೇಯುವ ಸದ್ದು. ಅತ್ತೆ ಸೊಪ್ಪಿನ ಕಡ್ಡಿ ಜೋಡಿಸುತ್ತಿದ್ದರು, ಸೊಂಟಕ್ಕೆ ಸಿಕ್ಕಿಸಿದ ಫೋನು ಅವರ ಉಸಿರಿಗೆ ತಕ್ಕಂತೆ ಏರಿಳಿಯುತ್ತಿತ್ತು. ಹೇಗೆ ಕೇಳುವುದು? ತಲೆನೋವು, ಮೋಟರಿನ ಸದ್ದು ಬೇಡ ಅನ್ನಬಹುದು. ಪೆಟ್ಟಿಗೆಯ ವೈರು ಸುಟ್ಟ ವಾಸನೆ ಬರುತ್ತಿದೆ ಅನ್ನಬಹುದು. ಇಷ್ಟಕ್ಕೂ ಏನನ್ನೂ ಕೇಳದೆ ಸುಮ್ಮನಿದ್ದುಬಿಡಬಹುದಲ್ಲವೇ? ಅತ್ತೆ ಗೋಡೆಗೆ ಹೇಳಿದ್ದನ್ನು ಗೋಡೆಯೇ ಕೇಳಿತು ಎಂದುಕೊಂಡರೆ ಮುಗಿಯಿತು, ನಾಳೆ ಪರೀಕ್ಷಕರು ಗೆರೆ ನೋಡಿ ಮೆಚ್ಚಿ ಅಂಕ ಕೊಟ್ಟು ಹೋಗುತ್ತಾರೆ, ದುದ್ದದ ಮೋಟರಿಗೂ ಶ್ರವಣಕ್ಕೂ ಗಂಟು ಹಾಕಲು ಅವರೇನು ಇಲ್ಲಿ ಬಂದು ಹುಳ ಸಾಕುತ್ತಾರೆಯೇ? ಹೀಗೆಂದುಕೊಂಡ ಮರುಗಳಿಗೆಯೇ ಅವಳಿಗೆ ತನ್ನ ಬಗ್ಗೆ ಎಷ್ಟು ಹೇಸಿಗೆಯಾಯಿತೆಂದರೆ, ಯೋಚಿಸಿಟ್ಟುಕೊಂಡ ನೆಪಗಳೆಲ್ಲ ಮರೆತುಹೋಗಿ ನಿಜವೇ ಬಾಯಿಗೆ ಬಂತು.

“ಅತ್ತೆ, ಇವತ್ತು ನಾನು ಹೇಳೋಗಂಟ ಮೋಟ್ರು ಹಾಕ್ಬೇಡಿ.”

“ಯಾಕವ್ವ? ನಿನ್ ನಕ್ಸತ್ರುಕ್ಕೆ ನಮ್ ಮೋಟ್ರು ಏನ್ ಮಾಡ್ತು?”

“ನಾನು ಕಾಲೇಜಲ್ಲಿ ತೋರ್ಸಿದ್ದು ನಕ್ಷತ್ರದ್ದೋ ನಮ್ ಮೋಟ್ರುದ್ದೋ ಗೊತ್ತಾಗ್ತಿಲ್ಲ ಅತ್ತೆ.”

ಜಯಲಕ್ಷ್ಮಮ್ಮನ ಕೈ ನಿಂತಿತು. ಅವರು ಸೊಸೆಯ ಮುಖವನ್ನು ಓದುವವರಂತೆ ನೋಡಿದರು. ನೀನು ಅಷ್ಟು ದಿನ ಓಡಾಡಿ, ತಾರಸಿಯ ಮೇಲೆ ಬಿಸಿಲಲ್ಲಿ ಕುಂತು, ನಮ್ಮ ಮೋಟರನ್ನು ಮಂಡ್ಯಕ್ಕೆ ಹೊತ್ತುಕೊಂಡುಹೋಗಿ ತೋರಿಸಿಬಿಟ್ಟೆಯಾ ಎಂದು ಕೇಳಿದ್ದರಲ್ಲಿ ಕುಹಕವಿತ್ತೋ ಮರುಕವಿತ್ತೋ ರೂಪಳಿಗೆ ತಿಳಿಯಲಿಲ್ಲ. ಆಮೇಲೆ ಬೈಗುಳ ಬರಬೇಕಾದ ಕ್ರಮದಲ್ಲೇ ಬಂತು. ಸೊಪ್ಪು ಬಾಡಿದರೆ ಪುಟ್ಟರಾಜು ಹೆಂಡತಿಯನ್ನು ಕೇಳುವುದಿಲ್ಲ, ತಾಯಿಯನ್ನೇ ಕೇಳುವುದು. ಹುಳಕ್ಕೆ ನಾಳೆ ಬಾ ಎಂದರೆ ಆಗುವುದಿಲ್ಲ. ಎರಡು ವರ್ಷದಿಂದ ಈ ಮನೆಯಲ್ಲಿ ಒಂದು ಕೆಲಸವೂ ಹೊತ್ತಿಗೆ ಸರಿಯಾಗಿ ಆಗಿಲ್ಲ. ಅಷ್ಟನ್ನೂ ಹೇಳಿ ಮುಗಿಸಿ, ಕಡ್ಡಿಯ ಹೊರೆಯನ್ನು ಅಲ್ಲೇ ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದರು. “ನಡಿ ಮ್ಯಾಕೆ. ಅದೇನು ಬತ್ತದೋ ನಾನೂ ನೋಡ್ತೀನಿ,” ಅಂದರು.

ಇಬ್ಬರೂ ತಾರಸಿಯ ಮೇಲೆ ನೀರಿನ ತೊಟ್ಟಿಯ ನೆರಳಿನಲ್ಲಿ ಕುಳಿತರು, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಅತ್ತೆಯನ್ನು ಹೀಗೆ ಪಕ್ಕದಲ್ಲಿ ಕೂರಿಸಿಕೊಂಡು ಏನನ್ನಾದರೂ ನೋಡಿದ್ದು ರೂಪಳಿಗೆ ನೆನಪಿಲ್ಲ, ಟಿವಿಯನ್ನು ಕೂಡ ಅವರು ನಿಂತೇ ನೋಡುವವರು. ಅಕ್ಕಪಕ್ಕದ ತೋಟಗಳಲ್ಲಿ ಮೋಟರುಗಳು ಗುಂಯ್‌ಗುಡುತ್ತಿದ್ದವು. ಎಲ್ಲರ ತೋಟಕ್ಕೂ ನೀರು ಹಾಯುತ್ತಿದೆ, ತಮ್ಮದಕ್ಕೆ ಮಾತ್ರ ಇಲ್ಲ ಎಂದು ಅತ್ತೆ ಮಾತಿನಲ್ಲಿ ಹೇಳದೆ ಕತ್ತು ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು. ಮೇಲೆ ನೀಲಿ ಬಿಟ್ಟರೆ ಏನೂ ಇಲ್ಲ. ಆ ನೀಲಿಯ ಹಿಂದೆ ಶ್ರವಣ ಇದೆ, ಅದರ ಬಗಲಿಗೆ ಆಕಾಶಗಂಗೆ ಮೂಡಣದಿಂದ ಹತ್ತಿ ಬರುತ್ತಿದೆ, ಇನ್ನೇನು ಕಹಳೆಯ ಬಾಯಿಗೆ ನೇರ ಆಗುತ್ತದೆ ಎಂಬುದು ರೂಪಳಿಗೆ ಮೈಯಲ್ಲೇ ಗೊತ್ತಾಗುತ್ತಿತ್ತು, ಬಾಗಿಲಾಚೆ ಯಾರೋ ಬಂದು ನಿಂತದ್ದು ತಟ್ಟುವ ಮೊದಲೇ ಗೊತ್ತಾಗುವ ಹಾಗೆ. ಬಾ ಎಂದು ಕರೆಯಬೇಕೆನಿಸಿತು. ಗೆರೆಯಾಗಿ ಬಾ, ಗುರುವಾರ ಬಂದ ಹಾಗೇ ಚೂಪಾಗಿ ಬಾ, ಈ ಮುದುಕಿಯ ಎದುರು ನನ್ನ ಮಾನ ಉಳಿಸು. ಹತ್ತೂವರೆ ಆಯಿತು. ಪರದೆಯ ನಡುವೆ, ಜಲಜನಕದ ಸ್ವರ ಇರಬೇಕಾದ ಕಡೆ, ತಾನೇ ಹಾಕಿಟ್ಟ ಕೆಂಪು ಗುರುತಿನ ಮೇಲೆ, ಏನೂ ಇರಲಿಲ್ಲ. ಗದ್ದಲದ ಗೆರೆ ಜಾತ್ರೆಯ ಜನದ ತಲೆಗಳಂತೆ ಅಲ್ಲಾಡುತ್ತಿತ್ತು, ಅಷ್ಟೇ. ಹತ್ತು ನಿಮಿಷ ಕಳೆದರೂ ಅಷ್ಟೇ. ಅತ್ತೆ ಪರದೆಯನ್ನು ನೋಡಿದರು, ಸೊಸೆಯನ್ನು ನೋಡಿದರು.

ಮೋಟರೇ. ಹತ್ತು ದಿನ ಅವಳು ಕಣ್ಣು ಕೀಳದೆ ನೋಡಿದ್ದು, ಬಸ್ಸಿನಲ್ಲಿ ಕಣ್ಮುಚ್ಚಿ ನೆನೆದು ನೆನೆದು ನಕ್ಕದ್ದು, ಆಕಾಶಗಂಗೆ ನನ್ನ ಮನೆಯ ತಾರಸಿಗೆ ಬಂತೆಂದು ಚಂದನಳನ್ನು ಎತ್ತಿ ತಿರುಗಿಸಿದ್ದು ಎಲ್ಲವೂ ಹಿಂಗೋಡೆಯ ಪೆಟ್ಟಿಗೆಗೆ. ಬೆಳ್ಳಿಯನ್ನು ನಕ್ಷತ್ರ ಎಂದವಳು ಎರಡು ವರ್ಷ ಓದಿ ಮೋಟರನ್ನು ಆಕಾಶಗಂಗೆ ಎಂದಳು, ಭಾರೀ ಮುಂದುವರಿದಳು. ಕವಿತ ಏನು ಅನ್ನಬಹುದು? ತಮೀಮ ಏನೂ ಅನ್ನುವುದಿಲ್ಲ, ಸುಮ್ಮನೆ ನೆಲ ನೋಡುತ್ತಾನೆ, ಅದೇ ಕಷ್ಟ. ಅವಳು ಲ್ಯಾಪ್‌ಟಾಪು ಮುಚ್ಚಲೆಂದು ಕೈ ಇಟ್ಟಳು. ಮುಚ್ಚಲಾಗಲಿಲ್ಲ. ಅವಳ ದುಃಖಕ್ಕೂ ತಿಳಿಯದ ಹಾಗೆ ಅವಳ ಕಣ್ಣು ಬೇರೊಂದು ಕೆಲಸ ಮಾಡುತ್ತಿತ್ತು. ಪರದೆಯ ಅಳತೆ ಎಂದಿನಂತಿರಲಿಲ್ಲ. ಆ ತಂತ್ರಾಂಶದ ಗುಣವೇ ಹಾಗೆ, ಎಲ್ಲಕ್ಕಿಂತ ಎತ್ತರದ ಗೆರೆಗೆ ತಕ್ಕಂತೆ ತನ್ನ ಅಳತೆ ಹಿಗ್ಗಿಸಿಕೊಳ್ಳುತ್ತದೆ, ಉಳಿದದ್ದನ್ನೆಲ್ಲ ನೆಲಕ್ಕೆ ಒತ್ತಿಬಿಡುತ್ತದೆ. ಇಷ್ಟು ದಿನ ಮೋಟರು ಎದ್ದು ನಿಂತಾಗ ಉಳಿದ ಆಕಾಶವೆಲ್ಲ ಒಂದು ದಾರದ ಹಾಗೆ ಕೆಳಗೆ ಮಲಗಿರುತ್ತಿತ್ತು. ಇವತ್ತು ಮೋಟರಿಲ್ಲದೆ ಅಳತೆ ಕುಗ್ಗಿ ಕುಗ್ಗಿ, ದಾರದ ನೂಲು ನೂಲೂ ದೊಡ್ಡದಾಗಿ ಕಾಣುತ್ತಿತ್ತು. ಒಂದೇ ಗಳಿಗೆಯದ್ದನ್ನು ನೋಡಿದರೆ ಬರೀ ಗದ್ದಲ, ಆದರೆ ಗಳಿಗೆ ಗಳಿಗೆಯದ್ದನ್ನೂ ಒಂದರ ಮೇಲೊಂದು ಕೂಡಿಸುತ್ತ ಹೋದರೆ ಗದ್ದಲ ಗದ್ದಲವನ್ನೇ ತಿಂದುಕೊಂಡು ತಗ್ಗುತ್ತದೆ, ನಿಜವಾಗಿ ಇರುವುದು ಮಾತ್ರ ಉಳಿಯುತ್ತದೆ. ಮೂರನೇ ಸೆಮಿಸ್ಟರಿನಲ್ಲಿ ನಪಾಸಾದದ್ದು ಇದೇ ಅಧ್ಯಾಯ ಇದ್ದ ಪತ್ರಿಕೆಯಲ್ಲಿ. ಕೂಡಿಸು ಎಂದು ಆಜ್ಞೆ ಕೊಟ್ಟು ಮೊಣಕಾಲಿಗೆ ಗಲ್ಲ ಊರಿ ಕುಳಿತಳು.

ಬಿಸಿಲು ತೊಟ್ಟಿಯ ನೆರಳನ್ನು ಚಿಕ್ಕದು ಮಾಡುತ್ತ ಬಂತು. ಮೊದಲು ಅವಳು ನಂಬಲಿಲ್ಲ. ಕೆಂಪು ಗುರುತಿನ ಮೇಲಲ್ಲ, ಅದರ ಎಡಕ್ಕೆ, ಗೆರೆ ಸ್ವಲ್ಪ ಉಬ್ಬಿದಂತಿತ್ತು. ಕಣ್ಣುಜ್ಜಿಕೊಂಡಳು. ಉಬ್ಬು ಹೋಗಲಿಲ್ಲ. ಚೂಪಿಲ್ಲ, ಎತ್ತರವಿಲ್ಲ, ಹೊದ್ದು ಮಲಗಿದವರ ಬೆನ್ನಿನ ಹಾಗೆ ಅಗಲವಾಗಿ, ಒಂದು ಕಡೆ ಜಾರಿಕೊಂಡು, ನೋಡಿದವರು ಇದೇನು ಎನ್ನಬೇಕು, ಹಾಗಿತ್ತು. ಎಡಕ್ಕೆ ಯಾಕೆ? ಎಡಕ್ಕೇ ಇರಬೇಕು! ಆ ದಿಕ್ಕಿನ ಆಕಾಶಗಂಗೆಯ ತೋಳು ನಮ್ಮಿಂದ ದೂರ ಓಡುತ್ತಿದೆ, ದೂರ ಓಡುವುದರ ಸ್ವರ ತಗ್ಗುತ್ತದೆ, ತಗ್ಗಿದ ಸ್ವರ ಗುರುತಿನ ಎಡಕ್ಕೆ ಬೀಳುತ್ತದೆ. ಅಲ್ಲಿನ ಜಲಜನಕ ಎಲ್ಲವೂ ಒಂದೇ ವೇಗದಲ್ಲಿ ಓಡುವುದಿಲ್ಲ, ಅದಕ್ಕೇ ಈ ಅಗಲ. ಪುಸ್ತಕದಲ್ಲಿ ಓದಿ, ಬರೆದು, ಅಂಕ ತೆಗೆದುಕೊಂಡ ಮಾತೇ ಇದು. ಆದರೂ ಗುರುವಾರದ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗದೆ ಸರಿಯಾಗಿ ಗುರುತಿನ ಮೇಲೇ ಬಂದು ಕುಳಿತಾಗ ಅವಳಿಗೂ ಅನುಮಾನ ಬರಲಿಲ್ಲ, ಪ್ರೀತಂ ಸರ್‌ಗೂ ಬರಲಿಲ್ಲ, ಅಷ್ಟು ಸರಿಯಾಗಿರುವುದೇ ತಪ್ಪು ಎಂದು ಯಾರಿಗೂ ಹೊಳೆಯಲಿಲ್ಲ. ಅವಳು ಎದ್ದು ನಿಂತಳು, ಕುಳಿತಳು, ಮತ್ತೆ ಎದ್ದಳು. ಕಹಳೆಯ ತಗಡನ್ನು ಎರಡೂ ಅಂಗೈಯಲ್ಲಿ ಮುಟ್ಟಿದಳು, ಅದು ಬಿಸಿಲಿಗೆ ಸುಡುತ್ತಿತ್ತು. ಅನುಮಾನಕ್ಕೆ ಅದನ್ನು ಓರೆ ಮಾಡಿ ಆಕಾಶಗಂಗೆ ಇಲ್ಲದ ಕಡೆಗೆ ತಿರುಗಿಸಿ, ಹೊಸದಾಗಿ ಕೂಡಿಸಲು ಹೇಳಿ ಕಾದಳು. ಉಬ್ಬು ಬರಲೇ ಇಲ್ಲ. ಮತ್ತೆ ನೆಟ್ಟಗೆ ನಿಲ್ಲಿಸಿ ಕಾದಳು, ಕಾಯುವಾಗ ಉಸಿರಾಡಿದಳೋ ಇಲ್ಲವೋ, ಅದು ಮೆಲ್ಲಗೆ ಅದೇ ಜಾಗದಲ್ಲಿ ಎದ್ದು ಬಂತು. ಎಷ್ಟೋ ಸಾವಿರ ವರ್ಷದ ಹಿಂದೆ ಹೊರಟದ್ದು, ಬಿಸಿಲಿನೊಳಗೆ, ದುದ್ದದ ಈ ತಾರಸಿಗೆ, ಈ ಗಳಿಗೆಗೆ. ಸಂತೋಷವೆಂದರೆ ಇಷ್ಟು ಹೆದರಿಕೆ ಹುಟ್ಟಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅತ್ತೆಯ ತೋಳು ಹಿಡಿದು ಅಲ್ಲಾಡಿಸಿ, ಇದು, ಇದು ಎಂದು ಪರದೆ ತೋರಿಸಿದಳು, ಬೇರೆ ಮಾತೇ ಹೊರಡಲಿಲ್ಲ. ಮದುವೆಯಾಗಿ ಬಂದಂದಿನಿಂದ ಅತ್ತೆಯನ್ನು ಹಾಗೆ ಮುಟ್ಟಿದ್ದು ಅದೇ ಮೊದಲು.

ಜಯಲಕ್ಷ್ಮಮ್ಮ ತೋಳು ಬಿಡಿಸಿಕೊಳ್ಳಲಿಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿ ಆ ಉಬ್ಬನ್ನು ನೋಡಿದರು. ಇಷ್ಟೇನಾ ಎಂದು ಕೇಳಿದರು. ಇಷ್ಟೇ ಎಂದಳು ರೂಪ. ಇಷ್ಟಕ್ಕೆ ಇಷ್ಟೊಂದು ಅಳುತ್ತಿದ್ದೀಯಾ ಎಂದಾಗಲೇ ತನ್ನ ಕೆನ್ನೆ ಒದ್ದೆಯಾಗಿರುವುದು ಅವಳಿಗೆ ಗೊತ್ತಾಗಿದ್ದು. ಸರಿ, ನಿನ್ನದು ಬಂತಲ್ಲ, ಇನ್ನು ನಾನು ಹಾಕಲೇ ಎಂದರು ಅತ್ತೆ, ಸೊಂಟದಿಂದ ಫೋನು ತೆಗೆದು. ಹಾಕಿ ಅತ್ತೆ, ನಾನೂ ನೋಡಬೇಕು ಎಂದಳು ರೂಪ. ಅದು ಬಾಯಿಮಾತಲ್ಲ, ಅವಳಿಗೆ ನಿಜವಾಗಿಯೂ ನೋಡಬೇಕಾಗಿತ್ತು. ಅತ್ತೆ ಗುಂಡಿ ಒತ್ತಿದರು. ಕೆಳಗೆ ಪೆಟ್ಟಿಗೆ ಟಕ್ ಎಂದಿತು, ತೋಟದ ಮೂಲೆಯಲ್ಲಿ ಮೋಟರು ಹುಂಕರಿಸಿತು, ಪೈಪಿನೊಳಗೆ ನೀರು ಏರಿ ಬರುವ ಸದ್ದು ಕೇಳಿತು. ಅದೇ ಗಳಿಗೆಗೆ ಪರದೆಯ ನಡುವೆ, ಕೆಂಪು ಗುರುತಿನ ನೆತ್ತಿಯ ಮೇಲೆ, ಗುರುವಾರದ ಗೆರೆ ಎದ್ದು ನಿಂತಿತು, ಚೂಪಾಗಿ, ನೆಟ್ಟಗೆ, ಗರುಡಗಂಬದ ಹಾಗೆ. ಎಷ್ಟು ಚೆಂದದ ಗೆರೆ! ಅದನ್ನು ನೋಡಿ ರೂಪಳಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಇದು ನಿಮ್ಮ ಮೋಟರು ಅತ್ತೆ ಎಂದು ತೋರಿಸಿದಳು. ಅತ್ತೆ ಗೆರೆಯನ್ನು ಬುಡದಿಂದ ತುದಿಯವರೆಗೆ ನೋಡಿ, ಮೆಚ್ಚಿಕೆಯಾದರೂ ಆಗದವರಂತೆ ತುಟಿ ಬಿಗಿ ಹಿಡಿದರು. ಆಮೇಲೆ ಅವರ ಕಣ್ಣು ಎಡಕ್ಕೆ ಹೋಯಿತು, ಅಲ್ಲಿ ಹುಡುಕಿತು.

“ನಿಂದು ಎಲ್ಲೋಯ್ತು?”

“ಅಲ್ಲೇ ಅದೆ ಅತ್ತೆ. ನಿಮ್ದು ಅಷ್ಟೆತ್ತರ ನಿಂತಾಗ ನಂದು ಕಾಣಲ್ಲ.”

ಪರದೆಯ ಬಗ್ಗೆಯೇ ಹೇಳಿದ್ದು. ಆಡಿದ ಮೇಲೆ ಆ ಮಾತು ತಾರಸಿಯ ಮೇಲೆ ಇಬ್ಬರ ನಡುವೆ ಉಳಿದುಬಿಟ್ಟಿತು, ತೆಗೆದಿಡಲು ಅವಳಿಗೆ ಜಾಗ ಸಿಗಲಿಲ್ಲ. ಅಳತೆಯ ದೋಷ ಅತ್ತೆ, ತಂತ್ರಾಂಶದ್ದು ಎಂದು ಸೇರಿಸಬೇಕೆಂದುಕೊಂಡು ಲ್ಯಾಪ್‌ಟಾಪನ್ನು ಅತ್ತೆಯ ಕಡೆಗೆ ಇನ್ನಷ್ಟು ತಿರುಗಿಸಿದಳು. ಜಯಲಕ್ಷ್ಮಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೆಳಗೆ ತೋಟದ ಮೊದಲ ಸಾಲಿಗೆ ನೀರು ಬಿದ್ದು ಮಣ್ಣಿನ ವಾಸನೆ ಮೇಲಕ್ಕೆ ಬರುತ್ತಿತ್ತು, ಹುಳ ಮನೆಯಲ್ಲಿ ಅರ್ಧ ಹರಡಿದ ಸೊಪ್ಪು ಹಾಗೇ ಬಿದ್ದಿತ್ತು, ಕರೆಂಟು ಇನ್ನು ಹೆಚ್ಚು ಹೊತ್ತು ಇರುವುದಿಲ್ಲ, ಇದೆಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹಾಯ್ದುಹೋದದ್ದು ರೂಪಳಿಗೆ ಕಂಡಿತು. ಆಮೇಲೆ ಅವರು ಫೋನನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಒತ್ತಿ, ಕಿವಿಗಿಟ್ಟು ಒಂದು ರಿಂಗು ಕೇಳಿಸಿಕೊಂಡರು. ಮೋಟರು ನಿಂತಿತು. ಪೈಪಿನ ನೀರು ಗಳಗಳ ಎಂದು ಹಿಂದಕ್ಕೆ ಇಳಿಯಿತು.

“ಅರ್ದ ಗಂಟೆ ಕಣವ್ವ, ಆಮೇಕೆ ಹಾಕ್ಬುಡ್ತೀನಿ,” ಅಂದರು. ಅಂದು, ಎದ್ದು ಹೋಗದೆ, ಕಾಲು ಚಾಚಿ ಕುಳಿತೇ ಇದ್ದರು.

ಗಂಬದಂಥ ಗೆರೆ ತಗ್ಗುತ್ತ ತಗ್ಗುತ್ತ ಹೋಯಿತು, ಅಳತೆ ಕುಗ್ಗುತ್ತ ಬಂತು, ನೆಲಕ್ಕೆ ಒತ್ತಿಹೋಗಿದ್ದ ಎಡಗಡೆಯ ಉಬ್ಬು ಮೆಲ್ಲಗೆ ಬೆನ್ನೆತ್ತಿತು. ರೂಪಳ ಫೋನು ಆಗಿನಿಂದ ನಡುಗುತ್ತಿತ್ತು, ಪ್ರೀತಂ ಸರ್. ಹುಷಾರಾಗಿದ್ದೀರಾ ರೂಪ ಅವರೇ ಎಂದು ಅವರು ಕೇಳುತ್ತಿರುವಾಗಲೇ ಅವಳು, ಗುರುವಾರ ನಾನು ತೋರಿಸಿದ್ದು ತಪ್ಪು ಸರ್ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಪರದೆಯ ಮೇಲಿನಿಂದ ಕಣ್ಣು ಕೀಳಲಾಗದೆ, ನಗುತ್ತಲೇ, ಪಕ್ಕದಲ್ಲಿ ಕುಳಿತವರಿಗೂ ಕೇಳುವಷ್ಟು ಜೋರಾಗಿ ಮಾತು ಮುಂದುವರಿಸಿದಳು.

“ನಾಳೆ ಎರಡು ತೋರಿಸ್ತೀನಿ ಸರ್. ಎತ್ತರದ್ದು ನಮ್ಮತ್ತೇದು. ಚಿಕ್ಕದು ನಂದು.”